ದೇವಿಯ ಎಡತೋಳಿನ ಇರುವೆ

ಬೆಳಗು ಹರಿಯುವ ಹೊತ್ತಿಗೆ ದ್ಯಾಮವ್ವನ ಗುಡಿಗೆ ಬಂದ ಹಾಲವ್ವ ಹೊಸ್ತಿಲಲ್ಲೇ ನಿಂತಳು. ಗರ್ಭಗುಡಿಯಿಂದ ಅಪರಿಚಿತ ಯುವಕನೊಬ್ಬ ಹೊರಬರುತ್ತಿದ್ದ. ಅವಳನ್ನು ಕಂಡವನೇ ಬೆರಳುಗಳನ್ನು ಧೋತರಕ್ಕೆ ಒರೆಸಿಕೊಂಡ.

"ಪೂಜಾರಿ ಇಲ್ಲದಾಗ ಒಳಗ ಯಾಕ ಹೋಗಿದ್ರಿ?"

"ಕೈ ಮುಗಿಯಾಕ ಹೋಗಿದ್ದೆರಿ."

ಕಣ್ಣು ಮಾತ್ರ ನೆಲದ ಮೇಲಿತ್ತು. ಅವನು ಹಾದುಹೋದಾಗ ಬೆಲ್ಲದ ವಾಸನೆ ಬಂತು. ಕೈ ಮುಗಿಯಲು ಬಂದವನಿಗೆ ಬೆಲ್ಲವೇಕೆ...?

ಯುದ್ಧದ ಕಾಲ. ಮಾಸೂರಿನಲ್ಲಿ ಸೀಮೆಎಣ್ಣೆಗೆ ಬರವಿತ್ತೇ ಹೊರತು ಹಾಲವ್ವನಿಗೆ ಗಂಡುಗಳ ಬರವಿರಲಿಲ್ಲ. ಮುಲ್ಕಿ ಪರೀಕ್ಷೆ ಪಾಸಾದ ಹುಡುಗಿ ಬಂದವರನ್ನೆಲ್ಲ ಒಲ್ಲೆ ಎಂದಿದ್ದಳು. 'ನನ್ನನ್ನು ಯಾರೂ ಕೇಳಲಿಲ್ಲ' ಎಂಬುದೊಂದೇ ಅವಳ ತಕರಾರು. ಸೋತುಹೋದ ಅಪ್ಪ ಶಂಕ್ರಪ್ಪ ಈ ಸಲ ಚಿಕ್ಕೇರೂರಿನ ಸಂಬಂಧವನ್ನು ದೇವಿಗೇ ಒಪ್ಪಿಸಿಬಿಟ್ಟಿದ್ದ. ದ್ಯಾಮವ್ವನ ಎರಡೂ ತೋಳಿಗೆ ಒದ್ದೆ ಹೂ ಹಚ್ಚುವುದು. ಬಲದ ಹೂ ಮೊದಲು ಬಿದ್ದರೆ ಮದುವೆ, ಎಡದ್ದು ಬಿದ್ದರೆ ಇಲ್ಲ.

ಮಧ್ಯಾಹ್ನ ಬಲದ ಹೂ ಬಿತ್ತು.

ಕೈ ಮುಗಿದು ತಲೆಯೆತ್ತಿದ ಹಾಲವ್ವನಿಗೆ ದೇವಿಯ ಎಡತೋಳಿನ ಮೇಲೆ ಇರುವೆ ಸಾಲು ಕಂಡಿತು. ತಿರುಗಿ ನೋಡಿದರೆ ಗಂಡಿನ ಕಡೆಯವರ ನಡುವೆ ಬೆಳಗಿನ ಆ ಯುವಕ. ಅವನೇ ಗಂಡು, ಪರಮೇಶಪ್ಪ!

ಎಡದ ಹೂ ಬೀಳದಂತೆ ಬೆಲ್ಲ ಸವರಿದ್ದಾನೆ, ಕಳ್ಳ. ದೇವಿ ಹೇಳಿದ್ದಾದರೆ ತಲೆಬಾಗಬಹುದಿತ್ತು. ಮನುಷ್ಯ ಹೇಳಿಸಿದ್ದಕ್ಕೆ ನಾನೇಕೆ ಜೀವಮಾನವಿಡೀ ತಲೆಬಾಗಲಿ?

ಮನೆಯಲ್ಲಿ ಹಿರಿಯರು ವೀಳ್ಯಕ್ಕೆ ಕುಳಿತಿದ್ದರು. ಹಿತ್ತಲಿಗೆ ಕೈ ತೊಳೆಯಲು ಬಂದ ಪರಮೇಶಪ್ಪನಿಗೆ ಹಾಲವ್ವನೇ ನೀರು ಹಾಕಿದಳು.

"ಬೆಲ್ಲ ಇನ್ನೂ ಹೋಗಿಲ್ಲೇನ್ರಿ?"

ಅವನು ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಆದರೆ ಓಡಿಹೋಗಲಿಲ್ಲ.

"ಹಚ್ಚಿದ್ದು ಖರೆ. ಬಲದ ಹೂ ಬೀಳಬಾರದು ಅಂತ ಹಚ್ಚಿದ್ದೆ. ಹುಡುಗಿ ಒಲ್ಲೆ ಅಂತಾಳ, ಅಪ್ಪ ದೇವಿ ಮುಂದ ತಂದು ನಿಲ್ಲಸ್ತಾನ ಅಂತ ಸುದ್ದಿ ಬಂತು. ಹಂಗ ಎಳಕೊಂಡು ಬಂದ ಹೆಂಡತಿ ನನಗ ಬ್ಯಾಡಾಗಿತ್ತು. ನನ್ನನ್ನೂ ಯಾರೂ ಕೇಳಿರಲಿಲ್ಲ."

"ಸುಳ್ಳು. ಇರುವಿ ಎಡಗಡೆ ಇದ್ವು."

"ಬಲಗಡೆ ರೀ. ಈ ಕೈಯಿಂದನ..." ಅವನು ದೇವಿಯ ಎದುರು ನಿಂತವನಂತೆ ನಿಂತು ಬಲಗೈ ಮುಂದೆ ಚಾಚಿದ.

ಹಾಲವ್ವ ಆ ಕೈಯನ್ನೇ ನೋಡಿದಳು. ಎದುರು ನಿಂತವನ ಬಲ ಎಂದರೆ ದೇವಿಯ ಎಡ!

"ನಿಮ್ಮೂರಾಗ ಯಾರ ಬಲ ಎಣಸ್ತಾರ?"

"ಕೇಳಾಕ ನಿಂತವರ ಬಲ."

"ನಮ್ಮೂರಾಗ ದೇವಿ ಬಲಾನ ಬಲ."

ಅವನು ತನ್ನ ಬಲಗೈಯನ್ನೇ ತಿರುಗಿಸಿ ನೋಡಿಕೊಂಡ. ಮದುವೆ ತಪ್ಪಿಸಲು ಹೋಗಿ ತಾನೇ ಗಂಟು ಹಾಕಿಬಿಟ್ಟಿದ್ದ. ಹಾಲವ್ವನಿಗೆ ನಗು ಒತ್ತರಿಸಿ ಬಂತು. ಅದರ ಹಿಂದೆಯೇ ಕಣ್ಣೂ ತುಂಬಿತು. ತನ್ನನ್ನು ಬಿಡಿಸಲು ಇಷ್ಟು ದೊಡ್ಡ ತಪ್ಪು ಮಾಡಿದವನು ಈ ಲೋಕದಲ್ಲಿ ಇವನೊಬ್ಬನೇ.

"ಒಳಗ ಹೋಗಿ ಎಲ್ಲಾ ಹೇಳಿಬಿಡ್ತೇನಿ. ನೀವು ಬಿಡುಗಡಿ ಆಗ್ತೀರಿ," ಎಂದ ಅವನು ಎರಡು ಹೆಜ್ಜೆ ಹೋಗಿ ನಿಂತ. "ಬೆಳಿಗ್ಗೆ ನಿಮ್ಮನ್ನ ನೋಡಿದ ಮ್ಯಾಲೆ, ಯಾಕರ ಹಚ್ಚಿದ್ನೋ ಅಂತ ಹಳಹಳಿ ಆಗಿತ್ತು."

ಹೇಳಿಯೇ ಬಿಟ್ಟ. ಪಡಸಾಲೆಯಲ್ಲಿ ಬಿರುಗಾಳಿ ಎದ್ದಿತು. ಅವನ ಅಪ್ಪ ನಾಚಿಕೆಯಿಂದ ತಲೆ ತಗ್ಗಿಸಿದ. ಶಂಕ್ರಪ್ಪ ಗುಡುಗಿದ, "ದೇವಿ ಮೈಗೆ ಕೈ ಹಚ್ಚಿದಿ? ದಂಡ ಕಟ್ಟು. ಮೂರ್ತಿ ಒರಸಿ ಮತ್ತ ಹೂ ಕೇಳೋಣು."

"ಹೂ ಬ್ಯಾಡಪ್ಪಾ."

ಎಲ್ಲರೂ ತಿರುಗಿದರು. ಹಾಲವ್ವ ಬಾಗಿಲಲ್ಲಿ ನಿಂತಿದ್ದಳು.

"ನನ್ನ ಕೇಳು. ಹೌದಂದ್ರೂ ಇಲ್ಲಂದ್ರೂ ಅದು ನಂದ ಮಾತು."

ಶಂಕ್ರಪ್ಪ ವೀಳ್ಯದ ತಟ್ಟೆಯನ್ನು ಬದಿಗೆ ಸರಿಸಿದ. ಮಗಳನ್ನು ಕೇಳಿದ, "ಏನಂತಿ ಹಂಗಾರ?"

"ಇವರನ್ನ ಮದಿವಿ ಆಗ್ತೇನಿ."

ಸಂಜೆ ಗಾಡಿ ಹೂಡುವಾಗ ಪರಮೇಶಪ್ಪ ಹಾಲವ್ವನಿದ್ದ ಹಿತ್ತಲಿಗೆ ಬಂದ.

"ಖರೇನ ನಿಮ್ಮ ಮನಸ್ಸಿನಿಂದ ಹೇಳಿದ್ರೋ, ನನ್ನ ಮ್ಯಾಲಿನ ಕನಿಕರಕ್ಕೋ?"

"ಈಗ ನಿಮಗ ಸಂಶೆ ಬಂತೇನು?"

"ಬಂತು."

"ಬರಲಿ," ಎಂದು ಹಾಲವ್ವ ನಕ್ಕಳು. "ಬಂದಾಗೆಲ್ಲಾ ಕೇಳ್ರಿ. ಕೇಳಿದಾಗೆಲ್ಲಾ ಹೇಳ್ತೇನಿ."