ಗೊಂಬೆಗಳಿಗೆ ಕಣ್ಣು ಬರೆದ ಕೆಂಚವ್ವ

ಬಹಳ ಹಿಂದೆ, ಏಳು ಬೆಟ್ಟಗಳಾಚೆ, ಮಂಜು ಎಂದೂ ಕರಗದ ಕಿರುನಾಡೆಂಬ ರಾಜ್ಯವಿತ್ತು. ಅಲ್ಲಿ ಕೆಂಚವ್ವನೆಂಬ ಗೊಂಬೆಗಾರ್ತಿ ಹೆಬ್ಬೆರಳುದ್ದದ ಮರದ ಗೊಂಬೆಗಳನ್ನು ಮಾಡುತ್ತಿದ್ದಳು. ಹೆಬ್ಬೆರಳುದ್ದ ಎಂದರೆ ಅಷ್ಟೇ, ಕೂದಲೆಳೆಯಷ್ಟೂ ಹೆಚ್ಚಲ್ಲ. ಮೊದಲನೆಯದನ್ನು ಮಗಳು ದುಗ್ಗಿಗೆಂದು ಮಿಕ್ಕ ಚಕ್ಕೆಯಲ್ಲಿ ಕೆತ್ತಿದ್ದಳು. ನೋಡಿದ ಮಕ್ಕಳೆಲ್ಲ ತಮಗೂ ಬೇಕೆಂದರು. ಏಕೆಂದರೆ ಮನೆಗೆಲ್ಲ ಚಿಕ್ಕವರಾದ ಮಕ್ಕಳಿಗೆ ತಮಗಿಂತಲೂ ಚಿಕ್ಕವರೊಬ್ಬರು ಸಿಕ್ಕಿದ್ದರು. ಗದರಬಹುದು, ಉಣಿಸಬಹುದು, ಮಲಗಿಸಬಹುದು.

ಅಲ್ಲೊಂದು ಪದ್ಧತಿ. ಗೊಂಬೆಯ ಕಣ್ಣು ಮೊದಲು ಅದರೊಡನೆ ಆಡುವ ಮಗುವನ್ನೇ ನೋಡಬೇಕು. ಆದ್ದರಿಂದ ಗೊಂಬೆಗಾರ್ತಿ ಮುಖ ತಿರುಗಿಸಿ, ಬೆರಳಂದಾಜಿನಲ್ಲೇ ಕಣ್ಣು ಬರೆದು, ನೋಡದೆ ಬಟ್ಟೆ ಸುತ್ತುತ್ತಿದ್ದಳು.

ಒಂದು ದಿನ ಮಸಿರಾಯನೆಂಬ ಮಾಟಗಾರ ಮುಚ್ಚಿದ ಬುಟ್ಟಿ ತಂದ. “ಗೊಂಬೆ ನಾನೇ ಕೆತ್ತಿದ್ದೀನಿ ಅವ್ವಾ. ಕಣ್ಣು ಮಾತ್ರ ಬರೆದುಕೊಡು.”

“ಇವುಗಳ ಮೈ ಬೆಚ್ಚಗಿದೆಯಲ್ಲಪ್ಪ?”

“ಒಲೆ ಪಕ್ಕ ಇಟ್ಟಿದ್ದೆ.”

ಅವಳು ಬರೆದಳು. ಅಂದು ಕುಂಬಾರರ ಬೀದಿ ಬರಿದಾಯಿತು. ಎರಡನೆಯ ಬುಟ್ಟಿ ಬಂತು, ಬರೆದಳು. ನೇಕಾರರ ಬೀದಿ ಬರಿದಾಯಿತು. ಒಂದೊಂದು ಬುಟ್ಟಿಗೂ ಮಸಿರಾಯ ಒಂದೊಂದು ಆಳು ಎತ್ತರವಾದ. ಮೂರನೆಯ ಬುಟ್ಟಿಯ ಕೊನೆಯ ಗೊಂಬೆಗೆ ಕಣ್ಣು ಬರೆದ ಮೇಲೆ ಕೆಂಚವ್ವನ ಬೆರಳಿಗೆ ಹರಿದ ಕಿವಿಯೊಂದು ತಾಗಿತು. ಹಿಂದೆಂದೋ ಓಲೆ ಸಿಕ್ಕಿಕೊಂಡು ಹರಿದಿದ್ದ, ತಾನು ಬಲ್ಲ ಕಿವಿ. ತಿರುಗಿ ನೋಡಿದಳು. ದುಗ್ಗಿ!

ಮಸಿರಾಯ ನಕ್ಕ. “ಬೀದಿಯವರನ್ನೆಲ್ಲ ಚಿಕ್ಕದು ಮಾಡಿದ್ದು ನಾನು, ಕಣ್ಣು ಬರೆದು ಹಾಗೇ ಉಳಿಸಿದ್ದು ನಿನ್ನ ಕೈ. ಒಂದೊಂದು ಜೊತೆ ಕಣ್ಣು ಅಳಿಸಿದಾಗಲೂ ನಿನ್ನ ಕೈಚಳಕ ಒಂದಿಷ್ಟು ಹೋಗುತ್ತೆ. ಮಗಳನ್ನು ಬಿಡಿಸಿಕೊಂಡು ಸುಮ್ಮನಿರು. ಉಳಿದವರು ನಿನಗೇನಾಗಬೇಕು?” ಕಸುಬಿನ ಕೈಯನ್ನು ಯಾರೂ ಕಳೆದುಕೊಳ್ಳಲಾರರೆಂದು ಅವನ ನಂಬಿಕೆ.

“ಬೀದಿಗಳೇ ಬರಿದಾದರೆ ನನ್ನ ಮಗಳು ಯಾರ ಜೊತೆ ಆಡಬೇಕೋ, ಮೂಳ?”

ಬಣ್ಣ ಒಣಗಲೆಂದು ಮೂರೂ ಬುಟ್ಟಿಗಳು ಜಗಲಿಯಲ್ಲೇ ಇದ್ದವು. ಎಣ್ಣೆಬಟ್ಟೆಯಿಂದ ಒಂದೊಂದೇ ಕಣ್ಣು ಒರೆಸಿದಳು. ಕುಂಬಾರರು ಮೊದಲಿನೆತ್ತರಕ್ಕೆ ಎದ್ದರು. ನೇಕಾರರು ಎದ್ದರು. ದುಗ್ಗಿಯನ್ನು ಕೊನೆಗಿಟ್ಟಳು, ಅವಳನ್ನು ಮೊದಲು ಬಿಡಿಸಿದರೆ ತನ್ನ ಕೈ ಅಲ್ಲೇ ನಿಂತುಬಿಡುತ್ತದೆಂದು ಅವಳಿಗೆ ಗೊತ್ತಿತ್ತು. ದುಗ್ಗಿಯೂ ಎದ್ದಾಗ, ಕದ್ದ ಎತ್ತರವೆಲ್ಲ ಮರಳಿಹೋಗಿ ಮಸಿರಾಯನಿಗೆ ಎತ್ತರವೇ ಉಳಿಯಲಿಲ್ಲ. ಅವನು ಇಲ್ಲವಾದ.

ಕೆಲವು ದಿನಗಳ ಮೇಲೆ ದುಗ್ಗಿ ತಾನೇ ಕೆತ್ತಿದ ಗೊಂಬೆ ತಂದಳು. “ಕಣ್ಣು ಬರಿಯವ್ವ.”

ಕೈ ತಪ್ಪಿ ಒಂದು ಕಣ್ಣು ಹಣೆಗೇರಿತು. ಕೆಂಚವ್ವ ಅತ್ತಳು. ದುಗ್ಗಿ ಗೊಂಬೆಯನ್ನು ತಿರುಗಿಸಿ ನೋಡಿ, “ಬಿಡವ್ವ, ಇವಳಿಗೆ ನಿದ್ದೆಗಣ್ಣು. ಮಲಗಿಸ್ತೀನಿ” ಅಂದಳು.

ಬೀದಿಯ ಮಕ್ಕಳೂ ಅಂಥದೇ ಬೇಕೆಂದರು. ಇಂದಿಗೂ ಕಿರುನಾಡಿನ ಗೊಂಬೆಗಳ ಕಣ್ಣು ಸೊಟ್ಟ. ಅಂದಿನಿಂದ ಅಲ್ಲಿ ಎಲ್ಲರೂ ಸುಖವಾಗಿ ಬಾಳಿದರು. ಕೆಂಚವ್ವನೂ, ತನ್ನ ಕೈಗಳನ್ನು ನೋಡಿಕೊಳ್ಳದ ಹೊತ್ತಿನಲ್ಲಿ.