ಕೇಣಿ ಗುಡ್ಡದ ಕಡಲ ಹದ್ದು

ಮರಿ ಗೂಡಿನಲ್ಲಿರಲಿಲ್ಲ. ಗೂಡಿನ ಆಚೆ ಕೊಂಬೆಯ ಮೇಲೆ ನಿಂತು, ಗಾಳಿಗೆ ಎರಡೂ ರೆಕ್ಕೆ ಬಿಚ್ಚಿ ಬಡಿಯುತ್ತಿತ್ತು.

ರೂಪಾಲಿ ದುರ್ಬೀನು ಕೆಳಗಿಳಿಸಿದಳು. ಹಗ್ಗ ಸೊಂಟಕ್ಕೆ ಬಿಗಿದುಕೊಂಡು ಮಾವಿನ ಮರದ ಬುಡದಲ್ಲಿ ನಿಂತಿದ್ದ ತುಳಸಿದಾಸ ಅವಳ ಮುಖ ನೋಡಲಿಲ್ಲ.

ಕಾರವಾರದ ಈ ಹುಡುಗಿ ಕಡಲ ಹದ್ದುಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಮರಿಯ ಕಾಲಿಗೆ ನಂಬರಿನ ಉಂಗುರ ಹಾಕಿದರೆ, ಮುಂದೆ ಅದು ಎಲ್ಲಿ ಕಂಡರೂ ಇಲ್ಲಿಯದೇ ಎಂದು ಗೊತ್ತಾಗುತ್ತದೆ. ಅನುಮತಿಗಾಗಿ ಎರಡು ವರ್ಷ ಓಡಾಡಿದ್ದಳು. ಈ ಸಲ ಉಳಿದುಕೊಂಡ ಮರಿ ಇದೊಂದೇ.

ತುಳಸಿದಾಸ ಕೇಣಿಯ ಮೀನುಗಾರರ ಮನೆಯವನು. ಎಂಥ ಮರವನ್ನಾದರೂ ಹತ್ತುತ್ತಿದ್ದ. ಐದು ವಾರದಿಂದ ಬೋಟು ಬಿಟ್ಟು ಅವಳ ಜೊತೆ ಗುಡ್ಡ ಹತ್ತುತ್ತಿದ್ದ. ಕೆಳಗಿನಿಂದ ಗೂಡಿನೊಳಗೆ ಕಾಣದ್ದರಿಂದ, ಮೇಲೆ ಹೋಗಿ ಮರಿಯ ಫೋಟೋ ತೆಗೆದು ತಂದು ತೋರಿಸುವುದು ಅವನ ಕೆಲಸ. ಅದರ ಬೆಳವಣಿಗೆ ನೋಡಿ, ಮರಿ ಗೂಡು ಬಿಡುವ ಮೊದಲೇ ಉಂಗುರ ಹಾಕುವ ದಿನವನ್ನು ಅವಳು ಗೊತ್ತುಮಾಡಬೇಕಿತ್ತು. ಫೋಟೋ ನೋಡಲು ಅವಳು ಬಾಗಿದಾಗ ಅವನು ಮೊಬೈಲು ಹಿಡಿದು ಅವಳನ್ನೇ ನೋಡುತ್ತಿದ್ದ. ಅವಳು ಗಮನಿಸಿಯೂ ಗಮನಿಸದವಳಂತೆ ಮರಿಯ ಪುಕ್ಕ ಎಣಿಸುತ್ತಿದ್ದಳು. ಅವನ ತಾಯಿ ಗೋದಾವರಿ ಊಟ ಬಡಿಸುತ್ತ, ಹದ್ದಿಗೆ ಕಾಲುಂಗುರ ತೊಡಿಸುವವಳ ಕಾಲು ಮಾತ್ರ ಖಾಲಿ ಎಂದು ನಕ್ಕಾಗ, ಇಬ್ಬರೂ ಮೀನಿನ ಮುಳ್ಳು ತೆಗೆಯುವುದರಲ್ಲೇ ಮುಳುಗಿದ್ದರು.

"ನಾಲ್ಕು ದಿನದ ಹಿಂದಿನ ಫೋಟೋದಲ್ಲಿ ತಲೆ ಮೇಲೆ ಇನ್ನೂ ಬಿಳಿ ತುಪ್ಪಳ ಇತ್ತಲ್ಲ," ಎಂದಳು ರೂಪಾಲಿ.

ತುಳಸಿದಾಸ ಹಗ್ಗದ ಗಂಟು ಬಿಚ್ಚತೊಡಗಿದ. ಈಗ ಯಾರು ಹತ್ತಿದರೂ, ಇನ್ನೂ ಸರಿಯಾಗಿ ಹಾರಲಾರದ ಮರಿ ಹೆದರಿ ಕೆಳಗೆ ಬಂಡೆಗಳ ಮೇಲೆ ಬೀಳುತ್ತದೆಂದು ಅವನಿಗೂ ಗೊತ್ತಿತ್ತು.

"ಅದು ಹಳೇ ಫೋಟೋ, ಮೇಡಂ. ಅದಕ್ಕೂ ಎರಡು ವಾರ ಮೊದಲು ತೆಗೆದದ್ದು. ಉಂಗುರ ಹಾಕಿದ ಮರುದಿನ ನೀವು ಹೊರಟುಹೋಗ್ತೀರಿ ಅಂತ ಗೊತ್ತಿತ್ತು. ಇನ್ನೊಂದು ವಾರ ಇರ್ಲಿ ಅಂತ... ಇಷ್ಟು ಬೇಗ ಬೆಳೀತದೆ ಅಂತ ತಿಳೀಲಿಲ್ಲ."

ಎರಡು ವರ್ಷದ ಅರ್ಜಿಗಳು, ಕಚೇರಿಗಳ ಬೆಂಚು, ಬಿಸಿಲು, ಎಲ್ಲ ಒಟ್ಟಿಗೆ ಅವಳ ಕಣ್ಣ ಮುಂದೆ ಬಂತು. ಸಿಟ್ಟು ಅವನ ಮೇಲಷ್ಟೇ ಅಲ್ಲ. ಆ ಫೋಟೋ ಹಳೆಯದೆಂದು ಅವಳಿಗೆ ತಿಳಿಯಬೇಕಿತ್ತು. ಅವನು ಪಕ್ಕದಲ್ಲಿ ನಿಂತಿದ್ದಾಗ ಅವಳು ಅದನ್ನು ಸರಿಯಾಗಿ ನೋಡಿರಲೇ ಇಲ್ಲ.

"ಇರು ಅಂತ ಒಂದು ಮಾತು ಹೇಳಿದ್ದರೆ ಇರ್ತಿದ್ದೆ," ಎಂದಳು. "ಉಂಗುರ ಹಾಕಿದ ಮೇಲೂ ಇರ್ತಿದ್ದೆ. ಅಷ್ಟು ಕೇಳೂಕೆ ನಿನಗೆ ಬಾಯಿ ಬರ್ಲಿಲ್ವಾ?"

ಐದು ವಾರದಲ್ಲಿ ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ತುಳಸಿದಾಸ ತಲೆ ಎತ್ತಿದ. ಅಷ್ಟರಲ್ಲಿ ಅವಳು ಚೀಲ ಹೆಗಲಿಗೇರಿಸಿ ಗುಡ್ಡ ಇಳಿಯುತ್ತಿದ್ದಳು.

ಬಸ್ ಸ್ಟಾಪಿನವರೆಗೂ ಅವನು ಹಿಂದೆಯೇ ಬಂದ. ತಪ್ಪು ತನ್ನದೆಂದು ಅವಳ ಗೈಡ್ ಸರ್ ಹತ್ತಿರ ತಾನೇ ಹೇಳುವುದಾಗಿ ಅಂದ. ಬೇಡ, ವರದಿ ಬರೆಯಬೇಕಾದವಳು ನಾನು ಎಂದಳು. ಮುಂದಿನ ವರ್ಷ ಇದೇ ಜೋಡಿ ಮತ್ತೆ ಮೊಟ್ಟೆ ಇಡಬಹುದು ಎಂದ. ಅವಳು ರಸ್ತೆಯನ್ನೇ ನೋಡುತ್ತಿದ್ದಳು. ಬಸ್ಸು ಬಂದಾಗ ಹತ್ತಿ, ಕಿಟಕಿಯ ಪಕ್ಕ ಕೂತಳು. ಬಸ್ಸು ಹೊರಡುವ ಮುಂಚೆ ಹೇಳಿದಳು:

"ಮರಿ ಯಾವತ್ತು ಹಾರ್ತದೋ ಆ ತಾರೀಕಾದರೂ ಸರಿಯಾಗಿ ಬೇಕು. ದಿನಾ ನೋಡಿ ಫೋನ್ ಮಾಡು. ಸುಳ್ಳು ಹೇಳಬೇಡ."

ಕಾರವಾರ ಮುಟ್ಟುವ ಮೊದಲೇ ಫೋನ್ ಬಂತು. ಮರಿ ಅದೇ ಕೊಂಬೆಯ ಮೇಲಿದೆ ಎಂದ.

"ನಿಜವಾ?"

"ನಿಜ. ಮರದ ಕೆಳಗೇ ಇದ್ದೇನೆ." ಆಮೇಲೆ ಕೇಳಿದ, "ಯಾವಾಗ ಬರ್ತೀ?"

ಅವಳ ಸಿಟ್ಟು ಇಳಿದಿರಲಿಲ್ಲ. "ಭಾನುವಾರ," ಎಂದಳು.