ಮುಂದಕ್ಕೆ ಇರಲಿ ಎಂದು ಉಳಿಸಿದ್ದು

ಅವಳಿಗೆ ಎಡ ಸ್ತನ ಇರಲಿಲ್ಲ.

ಅದು ಅವಳಿಗೆ ಗೊತ್ತಿದ್ದ ವಿಷಯ. ತಾನೇ ಒಪ್ಪಿ, ತಾನೇ ಸಹಿ ಹಾಕಿ, ತಾನೇ ನಡೆದುಕೊಂಡು ಹೋಗಿ ಆಪರೇಷನ್ ಮೇಜಿನ ಮೇಲೆ ಮಲಗಿದವಳು. ಗೊತ್ತಿಲ್ಲದೇ ಇದ್ದದ್ದು, ಈಗ ಆ ಜಾಗದಲ್ಲಿ ಏನಿದೆ ಎಂಬುದು.

ನರ್ಸ್ ಕೊನೆಯ ಪಟ್ಟಿ ಬಿಚ್ಚಿದಳು.

"ನೋಡ್ತೀರಾ? ಕೆಲವರು ಮೊದಲ ಸಲ ಬೇಡ ಅಂತಾರೆ."

"ನೋಡ್ದೆ ಇನ್ನೇನು? ನಂದೇ ತಾನೇ!"

ನೋಡಿದಳು.

ಸಪಾಟಾಗಿ ಇರಬೇಕಿದ್ದ ಎದೆಯ ಮೇಲೆ ಖಾಲಿ ಚರ್ಮ ಜೋತುಬಿದ್ದಿತ್ತು. ಗಾಳಿ ಹೋದ ಟ್ಯೂಬಿನ ಹಾಗೆ. ನಡುವೆ ಹೊಲಿಗೆ, ಹೊಲಿಗೆಯ ಮೇಲೊಂದು ಮಡಿಕೆ, ಕಂಕುಳ ಕಡೆಗೆ ಒಂದು ಗುಪ್ಪೆ.

"ಇದೇನಿದು?"

ಅಷ್ಟರಲ್ಲಿ ಸರ್ಜನ್ ಒಳಗೆ ಬಂದ. ಹೊಲಿಗೆಯ ಮೇಲೆ ಬೆರಳಾಡಿಸಿ, ತನ್ನ ಕೆಲಸಕ್ಕೆ ತಾನೇ ತಲೆದೂಗಿದ.

"ಚೆನ್ನಾಗಿ ಮಾಯ್ತಿದೆ."

"ನಾನು ಕೇಳಿದ್ದು ಸಪಾಟು, ಡಾಕ್ಟ್ರೇ. ಎರಡು ಸಲ ಕೇಳ್ದೆ. ನೀವು ಎರಡು ಸಲ ಹೂಂ ಅಂದ್ರಿ."

"ಸ್ವಲ್ಪ ಚರ್ಮ ಉಳಿಸಿದ್ದೀವಿ, ಅಷ್ಟೇ. ಮುಂದಕ್ಕೆ ಮನಸ್ಸು ಬದಲಾದ್ರೆ ಹೊಸ ಸ್ತನ ಕಟ್ಟೋದು ಸುಲಭ."

"ಯಾರ ಮನಸ್ಸು?"

"ನಿಮ್ದೇ..."

"ನನ್ನ ಮನಸ್ಸನ್ನ ನಾನು ನಿಮ್ಮ ಹತ್ರ ಇಟ್ಟು ಹೋಗಿರ್ಲಿಲ್ಲ!"

ಸರ್ಜನ್ ನಕ್ಕ. ಸಿಟ್ಟಾದ ಮಗುವಿನ ಮುಂದೆ ನಗುವ ನಗು ಅದು.

"ಕೋಪ ಮಾಡ್ಕೋಬೇಡಿ. ನಾವೇನು ಕೇಳದೇ ಮಾಡಿಲ್ಲ. ಆಪರೇಷನ್ ಮಧ್ಯೆ ನರ್ಸನ್ನ ಹೊರಗೆ ಕಳ್ಸಿ ನಿಮ್ಮ ಗಂಡನ್ನ ಕೇಳಿಸ್ದೆ. ಉಳಿಸಿ ಅಂದ್ರು."

ಅಂಗಿ ಎಳೆದುಕೊಳ್ಳುತ್ತಿದ್ದ ಅವಳ ಕೈ ಅಲ್ಲೇ ನಿಂತಿತು.

ಅವನಾ...?

ಹೊರಗೆ ಬೆಂಚಿನ ಮೇಲೆ ಅವನು ಕೂತಿದ್ದ. ತೊಡೆಯ ಮೇಲೆ ಅವಳಿಗಾಗಿ ಹೊಲಿದು ತಂದಿದ್ದ ಅಂಗಿ. ಕೈ ಎತ್ತದೆ ಹಾಕಿಕೊಳ್ಳಲು ಮುಂದೆ ಪೂರ್ತಿ ಗುಂಡಿ. ಗಾಯದ ನೀರು ತುಂಬುವ ಬಾಟಲಿ ಇಟ್ಟುಕೊಳ್ಳಲು ಒಳಗೊಂದು ಜೇಬು. ಅವಳನ್ನು ನೋಡಿ ಎದ್ದು ನಿಂತ.

"ನೀವು ಹೇಳಿದ್ರಾ?" ಎಂದಳು.

ಮದುವೆಯಾದ ಮೇಲೆ ಅವಳು ಅವನಿಗೆ 'ನೀವು' ಎಂದಿದ್ದು ಅದೇ ಮೊದಲು.

"ಏನನ್ನ?"

"ಚರ್ಮ ಉಳಿಸಿ ಅಂತ."

ಅವನ ಮುಖದಿಂದ ಬಣ್ಣ ಇಳಿಯಿತು.

"...ಹೌದು."

"ಯಾಕೆ?"

ಅವನು ಕೈಯಲ್ಲಿದ್ದ ಅಂಗಿಯನ್ನು ಇನ್ನಷ್ಟು ನೀಟಾಗಿ ಮಡಚಿದ.

"ಅರ್ಥ ಆಯ್ತು ಬಿಡಿ!" ಎಂದಳು ಅವಳು. "ನಂಗೆ ಬೇಡ ಅಂದಿದ್ದು ನಿಮಗೆ ಬೇಕಿತ್ತು. ಬಾಯಿಬಿಟ್ಟು ಹೇಳೋ ಯೋಗ್ಯತೆ ಇರ್ಲಿಲ್ಲ. ನಾನು ಪ್ರಜ್ಞೆ ತಪ್ಪಿ ಮಲಗಿದ್ದಾಗ ಹೇಳಿದ್ರಿ."

ಆ ದಿನ ಅವಳು ಅವನ ಜೊತೆ ಮನೆಗೆ ಹೋಗಲಿಲ್ಲ. ಅಕ್ಕನ ಮನೆಗೆ ಹೋದಳು.

*

ಅವಳು ಬಸ್ ಡ್ರೈವರ್. ಅವನು ಟೇಲರ್.

ಡಿಪೋದಲ್ಲಿ ಕೊಟ್ಟ ಯೂನಿಫಾರಂ ಶರ್ಟು ಗಂಡಸರ ಅಳತೆಯದು. ಹೊಟ್ಟೆಯ ಹತ್ತಿರ ಜೋಲು, ಭುಜದ ಹತ್ತಿರ ಬಿಗಿ. ಸರಿಮಾಡಿಸಲು ಅವನ ಅಂಗಡಿಗೆ ಹೋಗಿದ್ದಳು. ಅವನು ಟೇಪು ಹಿಡಿದು, ಬಾಯಲ್ಲಿ ನಾಲ್ಕು ಪಿನ್ನು ಕಚ್ಚಿಕೊಂಡು, "ಸ್ಟೀರಿಂಗ್ ಹಿಡ್ಕೊಳ್ಳಿ" ಎಂದಿದ್ದ.

"ಏನು?"

"ಹೆಂಗೆ ಹಿಡೀತೀರೋ ಹಂಗೇ ಕೈ ಚಾಚಿ. ನೆಟ್ಟಗೆ ನಿಂತವರ ಅಳತೆ ತಗೊಂಡು ಕೂತು ಕೆಲಸ ಮಾಡೋರಿಗೆ ಹೊಲಿದ್ರೆ ಬೆನ್ನು ಹರಿಯತ್ತೆ."

ಅಂಗಡಿಯ ನಡುವೆ, ಇಲ್ಲದ ಸ್ಟೀರಿಂಗ್ ಹಿಡಿದು ನಿಂತಿದ್ದ ಹೆಂಗಸನ್ನು ನೋಡಿ ಬೀದಿಯಲ್ಲಿ ಹೋಗುವವರು ನಕ್ಕರು. ಅವನು ನಗಲಿಲ್ಲ. ಅವಳಿಗೆ ಅದೇ ಹಿಡಿಸಿತು. ಅವತ್ತಿನಿಂದ ಅವಳು 'ಡ್ರೈವರಮ್ಮ', ಅವನು 'ಟೇಲರ್ರು'. ಮದುವೆಯಾದ ಮೇಲೂ ಅದೇ ಹೆಸರು.

ಎಡ ಸ್ತನದಲ್ಲೇ ಎರಡು ಜಾಗದಲ್ಲಿ ಗಡ್ಡೆ ಇತ್ತು; ಸ್ತನ ಪೂರ್ತಿ ತೆಗೆಯಲೇಬೇಕು ಎಂದಾಗ ಸರ್ಜನ್ ಹೊಸದು ಕಟ್ಟುವ ದಾರಿಗಳನ್ನೂ ಹೇಳಿದ್ದ. ಚರ್ಮದ ಕೆಳಗೆ ಚೀಲ ಇಟ್ಟು, ವಾರವಾರ ಉಪ್ಪುನೀರು ತುಂಬಿ ಹಿಗ್ಗಿಸುವುದು ಒಂದು. ಹೊಟ್ಟೆಯ ಕೊಬ್ಬು ತಂದು ಕೂರಿಸುವುದು ಇನ್ನೊಂದು. ಇಲ್ಲವೇ ಬೆನ್ನಿನ ಸ್ನಾಯು ತಿರುಗಿಸಿ ಮುಂದಕ್ಕೆ ತರುವುದು.

ಅವಳು ಸುಮ್ಮನೆ ಬೇಡ ಎನ್ನಲಿಲ್ಲ. ಯೋಚಿಸಿದಳು. ಡಿಪೋದ ಒಬ್ಬ ಕಂಡಕ್ಟರ್ ಗೆಳತಿ ಚೀಲ ಇಡಿಸಿಕೊಂಡು ಖುಷಿಯಾಗಿದ್ದಳು. ಬಾತ್‌ರೂಮಿಗೆ ಕರೆದುಕೊಂಡು ಹೋಗಿ ತೋರಿಸಿಯೂ ಇದ್ದಳು. "ಮುಟ್ಟಿ ನೋಡೇ, ಮಳ್ಳಿ ಥರ ನಿಂತಿದ್ದೀಯಲ್ಲ!" ಮುಟ್ಟಿದ್ದಳು. ಚೆನ್ನಾಗಿತ್ತು. ಗೆಳತಿಗೆ ಅದು ಬೇಕಿತ್ತು. ತನಗೆ ಬೇಕಾಗಿದ್ದು ಬೇಗ ಮಾಯುವುದು, ಬೆನ್ನಿನ ಬಲ ಬೆನ್ನಲ್ಲೇ ಇರುವುದು, ಮತ್ತೆ ಮತ್ತೆ ಯಾರೂ ಕತ್ತರಿಸದೇ ಇರುವುದು.

ಗಂಡನಿಗೆ ಹೇಳಿದಾಗ ಅವನು ಕೋಟಿನ ಕಾಲರಿಗೆ ಪಿನ್ನು ಚುಚ್ಚುತ್ತಿದ್ದ. "ಹೂಂ. ನಿನ್ನಿಷ್ಟ" ಎಂದಿದ್ದ.

ಆ 'ಹೂಂ' ಅವಳಿಗೆ ಸಾಲದಾಗಿತ್ತು. ಈಗ ಅಕ್ಕನ ಮನೆಯಲ್ಲಿ ಅದನ್ನೇ ಎಳೆದು ಎಳೆದು ನೋಡುತ್ತಿದ್ದಳು. ಆಗಲೇ ಗೊತ್ತಾಗಬೇಕಿತ್ತು! ಇಷ್ಟ ಇದ್ದವನು ಹಾಗೆ ಹೇಳುತ್ತಾನಾ...?

"ಗಂಡನ ಮೇಲಿನ ಸಿಟ್ಟು ನನ್ನ ಪಾತ್ರೆ ಮೇಲೆ ತೀರಿಸ್ಬೇಡ ಮಾರಾಯ್ತಿ," ಎಂದಳು ಅಕ್ಕ ಅಡುಗೆಮನೆಯಿಂದ. "ಆಗ್ಲೇ ಎರಡು ಲೋಟ ನೆಗ್ಗಿದೆ."

"ಹೊಸದು ತಂದ್ಕೊಡ್ತೀನಿ."

"ಲೋಟ ತಂದ್ಕೊಡ್ತೀಯ. ಅವನು ದಿನಾ ಬಂದು ಗೇಟಲ್ಲಿ ನಿಲ್ತಾನಲ್ಲ, ಅದಕ್ಕೇನು ಮಾಡ್ಲಿ? ಎದುರುಮನೆಯವರು ವಾಚ್‌ಮನ್ ಇಟ್ಕೊಂಡಿದ್ದೀರಾ ಅಂತ ಕೇಳ್ತಿದ್ದಾರೆ."

"ನಿಲ್ಲಲಿ!"

"ಏನಾದ್ರೂ ಹೇಳಿದ್ನೇನೇ, ಯಾಕೆ ಅಂತ?"

"ಹೇಳೋಕೇನಿದೆ ಅಕ್ಕ? ಗಂಡಸು. ಎದೆ ಬೇಕು."

ಅಕ್ಕ ಸೌಟು ಕೆಳಗಿಟ್ಟಳು. "ಅಷ್ಟೇ ಆಗಿದ್ರೆ ಅಳತೆ ಟೇಪು ಹಿಡಿದು ನೂರು ಜನರದ್ದು ನೋಡ್ತಾನೆ. ಗೇಟಲ್ಲಿ ಬಂದು ಯಾಕೆ ಒಣಗ್ತಾನೆ?"

ಅವಳಿಗೆ ನಗು ಬಂತು. ನಕ್ಕರೆ ಹೊಲಿಗೆ ಎಳೆಯಿತು. ಎಳೆದಿದ್ದಕ್ಕೆ ಮತ್ತೆ ಸಿಟ್ಟು ಬಂತು.

ಸ್ನಾನದ ಮನೆಯಲ್ಲಿ ಆ ಚರ್ಮವನ್ನು ಎತ್ತಿ ಕೆಳಗೆ ಒರೆಸಬೇಕಿತ್ತು. ಬೆವರು ನಿಂತು ಕೆಂಪಾಗುತ್ತಿತ್ತು. ಒಂದು ದಿನ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಅತ್ತಳು. ಸ್ತನ ಹೋಯಿತೆಂದು ಅವಳು ಅತ್ತಿರಲಿಲ್ಲ. ಇದಕ್ಕೆ ಅತ್ತಳು. ಇದು ರೋಗ ಕೊಟ್ಟದ್ದಲ್ಲ. ಇಬ್ಬರು ಗಂಡಸರು ಬಾಗಿಲ ಆಚೆ ಈಚೆ ನಿಂತು ಕೊಟ್ಟದ್ದು.

*

ಡಿಪೋದವರು ಅವಳನ್ನು ಕಚೇರಿ ಕೆಲಸಕ್ಕೆ ಹಾಕಿದ್ದರು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಅವಳು ವರ್ಕ್‌ಶಾಪಿನ ಹಿಂದೆ ನಿಲ್ಲಿಸಿದ್ದ ಖಾಲಿ ಬಸ್ಸು ಹತ್ತಿದಳು. ಡ್ರೈವರ್ ಸೀಟಿನಲ್ಲಿ ಕೂತಳು. ಬೆಲ್ಟ್ ಎಳೆದು ಹಾಕಿಕೊಂಡಳು.

ಬೆಲ್ಟು ಸರಿಯಾಗಿ ಆ ಮಡಿಕೆಯ ಮೇಲೆ ಕೂತಿತು. ಸ್ಟೀರಿಂಗ್ ಬಲಕ್ಕೆ ತಿರುಗಿಸಿದಳು. ಚರ್ಮ ಬೆಲ್ಟಿನ ಕೆಳಗೆ ಸಿಕ್ಕಿ ಹಿಂಡಿತು. ಎಡಕ್ಕೆ ತಿರುಗಿಸಿದಳು. ಇನ್ನೂ ಜಾಸ್ತಿ.

"ಥೂ!"

ಮೆಟ್ಟಿಲ ಹತ್ತಿರ ಯಾರೋ ನಿಂತಂತಾಯಿತು. ಅವನೇ. ಕೈಯಲ್ಲಿ ಅಕ್ಕನ ಊಟದ ಡಬ್ಬಿ.

"ಅಕ್ಕ ಕಳ್ಸಿದ್ರು."

"ಹತ್ತಬೇಡಿ. ಈ ಬಸ್ಸು ಎಲ್ಲಿಗೂ ಹೋಗಲ್ಲ."

"ಇಲ್ಲೇ ನಿಂತು ಹೇಳ್ತೀನಿ. ಕೇಳಿಸ್ಕೊ. ಆಮೇಲೆ ಬೇಕಾದ್ರೆ ಬಸ್ಸು ನನ್ನ ಮೇಲೇ ಹತ್ಸು."

ಅವಳು ಮುಂದಿನ ಗಾಜನ್ನೇ ನೋಡುತ್ತ ಕೂತಳು.

"ನರ್ಸ್ ಬಂದ್ಳು. 'ಸ್ವಲ್ಪ ಚರ್ಮ ಉಳಿಸ್ಬೇಕಾ, ಡಾಕ್ಟ್ರು ಕೇಳ್ತಿದ್ದಾರೆ, ಮುಂದಕ್ಕೆ ಬೇಕಾಗ್ಬೋದು' ಅಂದ್ಳು. ನಾನು... ನಂಗೆ ಆವಾಗ ತಲೇಲಿ ಏನೂ ಇರ್ಲಿಲ್ಲ. ಒಳಗೆ ನಿನ್ನನ್ನ ಕುಯ್ದಿದ್ದಾರೆ ಅನ್ನೋದೊಂದೇ. ಬಾಯಿ ತಾನೇ ಹೇಳ್ಬಿಡ್ತು. 'ಉಳಿಸಿ, ಒಳಗಿರ್ಲಿ' ಅಂತ."

"ತಾನೇ ಹೇಳ್ತು!"

"ನಾನು ಹದಿನೆಂಟು ವರ್ಷದಿಂದ ಅದನ್ನೇ ಹೇಳ್ತಿರೋದು! ಯಾರ ಪ್ಯಾಂಟು ಹೊಲಿದ್ರೂ, ಯಾರ ಕೋಟು ಹೊಲಿದ್ರೂ, ಹೊಲಿಗೆ ಒಳಗೆ ಎರಡು ಬೆರಳು ಬಟ್ಟೆ ಉಳಿಸ್ತೀನಿ. ದಪ್ಪ ಆದ್ರೆ ಬಿಚ್ಚಿ ಅಗಲ ಮಾಡ್ಬೋದು ಅಂತ. ಒಳಗಿರತ್ತೆ, ಯಾರಿಗೂ ಕಾಣಲ್ಲ. ಇದೂ ಹಂಗೇ ಒಳಗೆ ಹೋಗತ್ತೆ ಅಂದ್ಕೊಂಡೆ. ಹೀಗೆ ಹೊರಗೆ ಜೋತಾಡತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ. ಆಣೆ ಮಾಡಿ ಹೇಳ್ತೀನಿ..."

ಅವಳು ಈಗ ತಿರುಗಿ ಅವನನ್ನು ನೋಡಿದಳು. ಅವನ ಗಡ್ಡ ಬೆಳೆದಿತ್ತು. ಅಂಗಿಯ ಗುಂಡಿ ಒಂದು ತೂಗುತ್ತಿತ್ತು. ಟೇಲರನ ಅಂಗಿಯ ಗುಂಡಿ!

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೆಂಗೆ ಹೇಳ್ಲಿ? ಆಸೆಗೆ ಹೇಳ್ದ ಅಂತ ನೀನು ಅಂದ್ಕೊಂಡ್ರೆ, ಗಂಡ ಅಂತಾದ್ರೂ ಒಂದಿನ ಕ್ಷಮಿಸ್ಬೋದು. ಕಟ್ಟಿಕೊಂಡ ಹೆಂಡ್ತೀನ ಬಟ್ಟೆ ಥರ ಎಣಿಸ್ದ ಅಂದ್ರೆ...?"

ಅವಳ ಸಿಟ್ಟು ಒಂದೇ ಸಲಕ್ಕೆ ಎದ್ದು ಬಂತು.

"ನಾನೇನು ಪ್ಯಾಂಟಾ? ಬಿಚ್ಚಿ ಅಗಲ ಮಾಡೋಕೆ ನಾನೇನು ಯಾರ್ದೋ ಪ್ಯಾಂಟಾ? ಮೂರು ತಿಂಗಳಿಂದ ಎತ್ತಿ ಒರೆಸ್ತಿದ್ದೀನಿ ಇದನ್ನ! ರಾತ್ರಿ ಪಕ್ಕಕ್ಕೆ ತಿರುಗಿದ್ರೆ ಇದೂ ತಿರುಗತ್ತೆ! ನಿನಗೆ ನಾನು ಬೇಡವಾದೆ ಅಂತ ದಿನಾ ಸತ್ತಿದ್ದೀನಿ ಕಣೋ! ಒಂದು ಮಾತು ಹೇಳೋಕಾಗ್ಲಿಲ್ವಾ? ಬಾಯಲ್ಲಿ ಪಿನ್ನಿತ್ತಾ?"

"ಬೈಯಿ. ಇನ್ನೂ ಬೈಯಿ."

"ನೀನು ಹೇಳಿದ್ರೆ ಬೈಯಲ್ಲ, ನಂಗೆ ಬೇಕಾದ್ರೆ ಬೈತೀನಿ!"

ವರ್ಕ್‌ಶಾಪಿನ ಮೆಕ್ಯಾನಿಕ್ ಒಬ್ಬ ಇಣುಕಿ ನೋಡಿ, ಇದು ಎಂಜಿನ್ನಿನ ತೊಂದರೆಯಲ್ಲ ಎಂದು ಖಾತ್ರಿಯಾದ ಮೇಲೆ ಹಿಂದಕ್ಕೆ ಹೋದ.

ಅವಳು ಬೆಲ್ಟ್ ಬಿಚ್ಚಿದಳು. ಏದುಸಿರು ಬರುತ್ತಿತ್ತು. ಆಶ್ಚರ್ಯವೆಂದರೆ, ಎಷ್ಟೋ ದಿನಗಳ ಮೇಲೆ ಎದೆ ಹಗುರಾಗಿತ್ತು. ಇವನು ಆಸೆಯಿಂದ ಹೇಳಿದ್ದರೆ ಸುಮ್ಮನೆ ಬಿಟ್ಟುಬಿಡಬೇಕಿತ್ತು. ಪೆದ್ದತನಕ್ಕಾದರೆ ಬೈಯಬಹುದು... ಬೈದು, ಜೊತೆಗಿರಬಹುದು.

"ಅದು ನಿನಗೆ ಬೇಕಿತ್ತಾ? ಸತ್ಯ ಹೇಳು."

ಅವನು ಯೋಚಿಸಿದ. ಅವನು ಯೋಚಿಸಿದ್ದೇ ಅವಳಿಗೆ ಸಮಾಧಾನ.

"ಇದ್ದಾಗ ಇಷ್ಟ ಇತ್ತು. ಹೋದಾಗ ಬೇಜಾರಾಯ್ತು. ಹೊಸದು ಬೇಕು ಅಂತ ಅನ್ನಿಸ್ಲಿಲ್ಲ. ನೀನು ಬೇಕು ಅಂತಿತ್ತು."

"ಇದನ್ನ ತೆಗೆಸ್ಬೇಕು. ಆಸ್ಪತ್ರೆಗೆ ಬಾ. ಆ ಡಾಕ್ಟ್ರ ಮುಂದೆ ಬಾಯಿ ಬಿಡು."

"ಬರ್ತೀನಿ."

"ಡಬ್ಬಿ ಕೊಡು. ಹಸಿವಾಗಿದೆ."

*

ಸರ್ಜನ್ ಅವಳ ಮಾತು ಅರ್ಧ ಕೇಳಿ ಪೆನ್ನು ತಿರುಗಿಸತೊಡಗಿದ.

"ಇಷ್ಟು ಒಳ್ಳೆ ಚರ್ಮ ಇದೆ. ತೆಗೆದು ಬಿಸಾಕಿ ಅಂತೀರಲ್ಲ! ನಿಮ್ಮ ವಯಸ್ಸಿನವರು ಎಷ್ಟು ಜನ ಆಮೇಲೆ ಬಂದು ಅಳ್ತಾರೆ ಗೊತ್ತಾ?"

"ಅತ್ರೆ ನಾನು ಅಳ್ತೀನಿ. ಕಣ್ಣು ನಂದು."

ಸರ್ಜನ್ ನಿಟ್ಟುಸಿರು ಬಿಟ್ಟು ಗಂಡನ ಕಡೆಗೆ ತಿರುಗಿದ. "ನೀವೇನಂತೀರಿ?"

ಅವನು ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು.

"ನನ್ನನ್ನ ಕೇಳ್ಬೇಡಿ!"

ಹೊರಗೆ ಸರದಿಯಲ್ಲಿ ಕೂತವರಿಗೂ ಅದು ಕೇಳಿಸಿತು. ಅವಳಿಗೂ ಗಾಬರಿಯಾಯಿತು. ಈ ಮನುಷ್ಯನಿಗೆ ಇಷ್ಟು ದೊಡ್ಡ ದನಿ ಇತ್ತೇ?

"ಅವತ್ತೂ ನೀವು ನನ್ನನ್ನ ಕೇಳ್ಬಾರ್ದಿತ್ತು. ಕೇಳಿದ್ರೂ ನಾನು ಹೇಳ್ಬಾರ್ದಿತ್ತು. ನಂದು ತಪ್ಪು, ನಾನು ಒಪ್ಕೊಂಡಿದ್ದೀನಿ. ನಿಮ್ದು ತಪ್ಪು, ನೀವೂ ಒಪ್ಕೊಳ್ಳಿ. ಅವಳು ನಿಮ್ಮ ಎದುರಿಗೇ ಕೂತಿದ್ದಾಳೆ, ಅವಳ ಮುಖ ನೋಡಿ ಮಾತಾಡಿ!"

ಸರ್ಜನ್ ಒಪ್ಪಿಕೊಳ್ಳಲಿಲ್ಲ. ಅಂಥವರು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. "ಇನ್ನೊಂದು ಆಪರೇಷನ್ ಆಗತ್ತೆ," ಎಂದ ಒಣಗಿದ ದನಿಯಲ್ಲಿ.

"ಆಗ್ಲಿ. ನಿಮ್ಮ ಕೈಲಿ ಅಲ್ಲ," ಎಂದಳು ಅವಳು.

ಬೇರೆ ಆಸ್ಪತ್ರೆಯಲ್ಲಿ ಸಿಕ್ಕ ಸರ್ಜನ್ ಒಬ್ಬ ಹೆಂಗಸು. ಮಾತು ಕಡಿಮೆ. ಅವಳನ್ನು ನಿಲ್ಲಿಸಿ ನೋಡಿದಳು, ಕೂರಿಸಿ ನೋಡಿದಳು, ಬಗ್ಗಿಸಿ ನೋಡಿದಳು. "ಸೀಟ್ ಬೆಲ್ಟ್ ಎಲ್ಲಿಂದ ಎಲ್ಲಿಗೆ ಹೋಗತ್ತೆ, ಬೆರಳಿಟ್ಟು ತೋರ್ಸಿ," ಎಂದಳು. ಅದರ ಮೇಲೆ ಪೆನ್ನಿನಿಂದ ಗೆರೆ ಎಳೆದಳು. ಆಪರೇಷನ್ ದಿನ ಅವನು ಹೊರಗೆ ಕೂತಿದ್ದ. ಯಾರೂ ಬಂದು ಅವನನ್ನು ಏನೂ ಕೇಳಲಿಲ್ಲ.

*

ಅವಳು ತನ್ನ ಮನೆಗೆ ಬಂದಳು. ಒಂದು ಭಾನುವಾರ ಮಧ್ಯಾಹ್ನ, ಪಟ್ಟಿ ತೆಗೆದ ಎದೆಯ ಮೇಲೆ ಒಂದೇ ಒಂದು ಗೆರೆ. ಕೆಂಪಗಿತ್ತು, ಕೊಂಚ ಓರೆಯಾಗಿತ್ತು. ಸಪಾಟಾಗಿತ್ತು. ಅವಳು ಮಂಚದ ಮೇಲೆ ಅಂಗಿಯ ಗುಂಡಿ ಹಾಕದೆ ಕೂತಿದ್ದಳು.

"ಸಿಟ್ಟು ಹೋಯ್ತಾ?" ಅವನು ಬಾಗಿಲಲ್ಲೇ ನಿಂತು ಕೇಳಿದ.

"ಇಲ್ಲ."

"ಎಷ್ಟಿದೆ?"

"ಆ ಡಾಕ್ಟ್ರ ಮೇಲೆ ಬೇಕಾದಷ್ಟು. ನಿನ್ನ ಮೇಲೆ... ಇದೆ. ದಿನಾ ಸ್ವಲ್ಪ ಬೈತೀನಿ."

"ಸರಿ."

"ಅಲ್ಲೇ ಯಾಕೆ ನಿಂತಿದ್ದೀಯ? ಇದು ಅಕ್ಕನ ಮನೆ ಗೇಟಲ್ಲ. ಬಾ."

ಬಂದ. ಅವಳ ಎಡಗಡೆ ಮಲಗಿದ. ಕೈ ಎಲ್ಲಿಡಬೇಕೆಂದು ತಿಳಿಯದೆ ತನ್ನ ಹೊಟ್ಟೆಯ ಮೇಲೇ ಇಟ್ಟುಕೊಂಡ.

"ಅಲ್ಲಿ ಮುಟ್ಟಿದ್ರೆ ನಂಗೆ ಗೊತ್ತಾಗಲ್ಲ," ಎಂದಳು ಅವಳು ಸೂರು ನೋಡುತ್ತ. "ಜೋಮು ಹಿಡಿದ ಹಾಗಿದೆ. ಮುಟ್ಟೋದಾದ್ರೆ ಹೇಳಿ ಮುಟ್ಟು."

ಅವನು ಅವಳ ಕಡೆಗೆ ಹೊರಳಿದ.

"ಡ್ರೈವರಮ್ಮ..."

"ಹೂಂ?"

"ಈಗ ಮುಟ್ಟಿದ್ದೀನಿ."

ಅವಳು ಕಣ್ಣು ಮುಚ್ಚಿದಳು. "ಸರಿ. ತೆಗೀಬೇಡ."

ಹೋದದ್ದು ಇಷ್ಟು: ಒಂದು ಸ್ತನ, ಅದರ ಜೊತೆ ತೆಗೆದ ಕಂಕುಳಿನ ಒಂಬತ್ತು ಗ್ರಂಥಿ, ಎರಡು ಆಪರೇಷನ್ನುಗಳ ನಡುವಿನ ಐದು ತಿಂಗಳು, ಮತ್ತು ಅವನ ಅಂಗೈ ಮುಚ್ಚುವಷ್ಟು ಜಾಗದಲ್ಲಿ ಸ್ಪರ್ಶ.